ಸಂತೆಯ ಸರಕು, ಪರೀಕ್ಷೆಯ ದಿನಗಳು

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಬಾಚಹಳ್ಳಿ ಎಂಬ ಹೆಸರನ್ನು ಹೊತ್ತ ಎರಡು ಊರುಗಳುಂಟು. ಒಂದು ಗರುಡಗಂಬಗಳಿಗೆ ಹೆಸರಾದ ಅಗ್ರಹಾರಬಾಚಹಳ್ಳಿ. ಇನ್ನೊಂದು ಹೋಬಳಿಯ ಕೇಂದ್ರವಾದ ಸಂತೆಬಾಚಹಳ್ಳಿ. ಒಂದೂರಿಗೆ ವಿದ್ಯಾವಂತರ ಅಗ್ರಹಾರವು ಗುರುತಾದರೆ, ಇನ್ನೊಂದಕ್ಕೆ ಸಂತೆಯೇ ಗುರುತಾಯಿತು. ನಮ್ಮ ನಾಡಿನಲ್ಲಿ ಸಂತೆಯನ್ನು ಹೆಸರಿನಲ್ಲಿಯೇ ಕಟ್ಟಿಕೊಂಡ ಊರುಗಳು ಹಲವು. ವಾರಕ್ಕೊಮ್ಮೆ ಸುತ್ತಣ ಹಳ್ಳಿಗಳ ಜನ ಒಂದೆಡೆ ನೆರೆದು ರಾಗಿ, ಹುರುಳಿ, ಬೆಲ್ಲ, ಮೆಣಸಿನಕಾಯಿ, ಮಡಕೆ, ಕಂಬಳಿ, ಕುಡುಗೋಲುಗಳನ್ನು ಕೊಟ್ಟು ಕೊಳ್ಳುತ್ತಿದ್ದ ಆ ಬಯಲೇ ಒಂದೂರಿನ ಕೀರ್ತಿಯಾಗಿತ್ತೆಂದ ಮೇಲೆ, ಆ ಬಯಲಿನ ನ್ಯಾಯವೇನು ಎಂದು ಕೇಳುವುದು ಸಹಜವೇ ಆಗಿದೆ.

ಏಕೆಂದರೆ ಸಂತೆಯ ವ್ಯಾಪಾರಕ್ಕೆ ಹುಟ್ಟಿನಿಂದಲೇ ಬಂದ ತೊಡಕೊಂದಿದೆ. ಊರಿನ ಅಂಗಡಿಯವನು ನಾಳೆಯೂ ಅಂಗಡಿಯಲ್ಲಿಯೇ ಇರುತ್ತಾನೆ. ಕೆಟ್ಟ ಸರಕನ್ನು ಕೊಟ್ಟರೆ ನಾಳೆ ಅವನ ಮುಂದೆ ನಿಂತು ಕೇಳಬಹುದು. ಸಂತೆಯವನು ಹಾಗಲ್ಲ. ಹೊತ್ತು ಇಳಿಯುತ್ತಲೇ ಗೋಣಿಯನ್ನು ಸುತ್ತಿ ಗಾಡಿ ಕಟ್ಟಿದನೆಂದರೆ ನಾಳೆ ಬೇರೊಂದೂರಿನ ಸಂತೆ. ಕೊಂಡುತಂದ ಮಡಕೆ ಸೋರುತ್ತದೆಂದು, ತಂದ ಎತ್ತು ನೊಗಕ್ಕೆ ಹೆಗಲು ಕೊಡುವುದಿಲ್ಲವೆಂದು ಮನೆಗೆ ಬಂದ ಮೇಲೆ ತಿಳಿದರೆ ಯಾರನ್ನು ಕೇಳಬೇಕು? ಕೊಂಡ ವಸ್ತು ಕೆಟ್ಟದ್ದೆಂದು ಕೊಂಡ ಮೇಲೆ ತಿಳಿದರೆ ಕೊಂಡವನ ಗತಿಯೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಮನುಷ್ಯ ಎರಡು ಸಾವಿರ ವರ್ಷಗಳಿಗೂ ಮಿಕ್ಕ ದಾರಿಯನ್ನು ನಡೆದಿದ್ದಾನೆ. ಆ ದಾರಿಯಲ್ಲಿ ನಮ್ಮ ಕನ್ನಡ ನಾಡಿನ ಹೆಜ್ಜೆಗಳೂ ಇವೆ.

ಮೊದಲಿಗೆ ಕೊಳ್ಳುವವನಿಗೆ ಅವನ ಕಣ್ಣೇ ಕಾವಲು. ದನದ ವ್ಯಾಪಾರವನ್ನೇ ನೋಡಿ. ಇದು ಹಳ್ಳಿಕಾರ್ ತಳಿಯ ಸೀಮೆ. ಇದೇ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆ ಪ್ರಸಿದ್ಧವಾದುದು. ಇಲ್ಲಿನ ರೈತ ಜೋಡಿಯನ್ನು ಕೊಳ್ಳುವ ಮುನ್ನ ಬಾಯಿ ಬಿಡಿಸಿ ಹಲ್ಲನ್ನೆಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿ ಕೂಡಿದ್ದೋ ಎಂದು ವಯಸ್ಸನ್ನು ಗೊತ್ತುಮಾಡಿಕೊಳ್ಳುತ್ತಾನೆ. ಮೈಮೇಲಿನ ಸುಳಿಯನ್ನು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಕುಂಟನ್ನು ನೋಡುತ್ತಾನೆ. ಆಮೇಲೆ ದಳ್ಳಾಳಿಯ ಮುಖಾಂತರ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಇಷ್ಟು ನೋಡಿದರೂ ಕಣ್ಣಿಗೆ ಬೀಳದ ದೋಷಗಳು ಉಳಿದೇ ಉಳಿಯುತ್ತವೆ. ಹಾಲು ಎಷ್ಟು ಕೊಡುತ್ತದೆಂಬುದು ಕರೆದಾಗಲೇ ಗೊತ್ತು. ಬೀಜ ಮೊಳೆಯುತ್ತದೆಯೇ ಎಂಬುದು ಬಿತ್ತಿದ ಮೇಲೆಯೇ ಗೊತ್ತು. ನಮ್ಮ ಜನಕ್ಕೆ ಇದೆಲ್ಲ ತಿಳಿಯದ್ದೇನಲ್ಲ. ಅವಸರದಲ್ಲಿ ಹೇಗೋ ಮುಗಿಸಿದ ಕಳಪೆ ಕೆಲಸಕ್ಕೆ 'ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ' ಎಂದು ಹೇಳುವುದುಂಟು. ಸರಕನ್ನು ಸರಿಯಾಗಿ ಕಾಣದೆ ಬೆಲೆ ಕಟ್ಟುವವನಿಗೆ 'ನೀರೊಳಗಿನ ಎಮ್ಮೆಯನ್ನು ವ್ಯಾಪಾರ ಮಾಡಿದಂತೆ' ಎಂಬ ಮಾತು ಸಿದ್ಧವಾಗಿದೆ. ಮೊದಲ ಗಾದೆ ಮಾರುವವನನ್ನು ಕುರಿತದ್ದು, ಎರಡನೆಯದು ಕೊಳ್ಳುವವನನ್ನು ಕುರಿತದ್ದು.

ಗಾದೆ ಎಚ್ಚರಿಸಬಲ್ಲದೇ ಹೊರತು ಕೊಟ್ಟ ಹಣವನ್ನು ಹಿಂದಕ್ಕೆ ಕೊಡಿಸಲಾರದು. ಹಣ ಕೊಡಿಸುವುದು ಶಾಸನದ ಕೆಲಸ. ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದಾಗ, ಕೊಂಡದ್ದಕ್ಕೋ ಮಾರಿದ್ದಕ್ಕೋ ಆಮೇಲೆ ಪಶ್ಚಾತ್ತಾಪಪಡುವ ವಿಷಯವನ್ನೇ ಒಂದು ಪ್ರತ್ಯೇಕ ವ್ಯವಹಾರಪದವಾಗಿ ಎಣಿಸಿದರು. ಅದಕ್ಕೆ ಕ್ರಯವಿಕ್ರಯಾನುಶಯವೆಂದು ಹೆಸರು. ಮನುಸ್ಮೃತಿಯು ಇಂಥ ವ್ಯವಹಾರವನ್ನು ರದ್ದುಮಾಡಿಕೊಳ್ಳಲು ಎರಡು ಪಕ್ಷಕ್ಕೂ ಹತ್ತು ದಿನಗಳ ಅವಕಾಶವನ್ನು ಕೊಡುತ್ತದೆ. ನಾರದಸ್ಮೃತಿ ಇನ್ನೂ ಬಿಗಿ: ಕೊಂಡ ದಿನವೇ ಕೆಡಿಸದೆ ಹಿಂದಿರುಗಿಸಿದರೆ ಹಣ ಪೂರ್ತಿ ಬರುತ್ತದೆ, ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲೊಂದು ಪಾಲನ್ನು ಕಳೆದುಕೊಳ್ಳಬೇಕು, ಮೂರನೆಯ ದಿನ ಅದರ ಎರಡರಷ್ಟು, ಅಲ್ಲಿಂದಾಚೆಗೆ ಸರಕು ಕೊಂಡವನದೇ.

ಆದರೆ ಎಲ್ಲ ಸರಕಿಗೂ ಒಂದೇ ಗಡುವು ಸಲ್ಲದೆಂಬುದನ್ನು ಈ ಶಾಸ್ತ್ರಕಾರರು ಕಂಡಿದ್ದರು. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ನಾರದಸ್ಮೃತಿಯಲ್ಲಿಯೂ ಬೇರೆ ಬೇರೆ ವಸ್ತುಗಳಿಗೆ ಬೇರೆ ಬೇರೆ ಪರೀಕ್ಷೆಯ ದಿನಗಳನ್ನು ಹೇಳಿದೆ. ಕಬ್ಬಿಣದ ಸಾಮಾನಿಗೆ ಒಂದು ದಿನ. ಕರೆಯುವ ದನಕ್ಕೆ ಮೂರು ದಿನ. ಹೊರೆ ಹೊರುವ, ನೊಗ ಎಳೆಯುವ ಪ್ರಾಣಿಗೆ ಐದು ದಿನ. ರತ್ನಗಳಿಗೆ ಏಳು ದಿನ. ಬಿತ್ತನೆಯ ಬೀಜಕ್ಕೆ ಹತ್ತು ದಿನ. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಅದರ ಹಿಂದಿನ ಬುದ್ಧಿ ಕಾಣುತ್ತದೆ. ಕುಡುಗೋಲು ಕೊಯ್ಯುತ್ತದೆಯೋ ಇಲ್ಲವೋ ಒಂದೇ ಹೊತ್ತಿನಲ್ಲಿ ತಿಳಿಯುತ್ತದೆ. ಹಸು ಹೊಸ ಮನೆಗೆ, ಹೊಸ ಕೈಗೆ ಹೊಂದಿಕೊಂಡು ತನ್ನ ನಿಜವಾದ ಹಾಲನ್ನು ತೋರಲು ಎರಡು ಮೂರು ದಿನ ಬೇಕು. ಎತ್ತಿನ ಸ್ವಭಾವ ನೇಗಿಲಿಗೆ ಕಟ್ಟಿ ನಾಲ್ಕು ದಿನ ಉತ್ತಾಗ ಗೊತ್ತಾಗುತ್ತದೆ. ಬೀಜ ಮೊಳೆತು ಮೇಲೆ ಬರಲು ಹತ್ತು ದಿನವಾದರೂ ಬೇಡವೇ? ದೋಷವು ತೋರಿಬರಲು ಎಷ್ಟು ಕಾಲ ಬೇಕೋ ಅಷ್ಟು ಕಾಲವನ್ನು ಕೊಳ್ಳುವವನಿಗೆ ಕೊಡಬೇಕೆಂಬುದೇ ಇಲ್ಲಿನ ತತ್ತ್ವ. ಇದನ್ನು ಬರೆದವರು ಹೊಲವನ್ನೂ ಹಟ್ಟಿಯನ್ನೂ ಬಲ್ಲವರೇ ಆಗಿರಬೇಕು.

ಮೋಸಕ್ಕಾದರೆ ದಂಡ ಬೇರೆ. ಒಳ್ಳೆಯದನ್ನು ತೋರಿಸಿ ಕೆಟ್ಟದ್ದನ್ನು ಕೊಟ್ಟವನು ಬೆಲೆಯ ಎರಡರಷ್ಟನ್ನು ಕೊಂಡವನಿಗೆ ತೆರಬೇಕು, ಅಷ್ಟನ್ನೇ ರಾಜನಿಗೂ ದಂಡವಾಗಿ ಕೊಡಬೇಕು ಎಂದು ನಾರದನ ವಿಧಿ. ಔಷಧಿ, ಎಣ್ಣೆ, ಉಪ್ಪು, ಧಾನ್ಯ, ಬೆಲ್ಲಗಳಿಗೆ ಕಳಪೆ ಪದಾರ್ಥವನ್ನು ಬೆರಸಿದವನಿಗೆ ಯಾಜ್ಞವಲ್ಕ್ಯನು ಹದಿನಾರು ಪಣಗಳ ದಂಡವನ್ನು ಹೇಳುತ್ತಾನೆ. ಇತ್ತ ಕೊಳ್ಳುವವನಿಗೂ ಕರ್ತವ್ಯ ಉಂಟು. ತಾನೇ ಗುಣದೋಷಗಳನ್ನು ಪರೀಕ್ಷಿಸಿ ಒಪ್ಪಿ ಕೊಂಡದ್ದನ್ನು ಹಿಂದಿರುಗಿಸುವಂತಿಲ್ಲ; ಉಟ್ಟು ಹಳತಾಗಿ ಮಾಸಿದ ಬಟ್ಟೆಯನ್ನು ಕೊಂಡು ಆಮೇಲೆ ಅದರಲ್ಲಿ ದೋಷವನ್ನೆಣಿಸುವಂತಿಲ್ಲ. ಈ ಶಾಸ್ತ್ರಗಳನ್ನು ಹೊಗಳುವಾಗ ಇನ್ನೊಂದು ಮಾತನ್ನು ಮರೆಯಬಾರದು. ಇದೇ ಪಟ್ಟಿಯಲ್ಲಿ ದನ, ಬೀಜ, ರತ್ನಗಳ ಪಕ್ಕದಲ್ಲಿಯೇ ದಾಸರಾಗಿ ಮಾರಾಟವಾದ ಗಂಡಸರಿಗೆ ಅರ್ಧ ತಿಂಗಳು, ಹೆಂಗಸರಿಗೆ ಒಂದು ತಿಂಗಳು ಎಂದು ಪರೀಕ್ಷೆಯ ಕಾಲವನ್ನು ಹೇಳಿದೆ. ಕೊಳ್ಳುವವನ ಹಕ್ಕನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ಕಾಲವೇ ಮನುಷ್ಯನನ್ನು ಸರಕಾಗಿ ಎಣಿಸಿದ ಕಾಲವೂ ಆಗಿತ್ತು.

ಈ ವಿಧಿಗಳು ಕನ್ನಡ ನಾಡಿಗೆ ಹೊರಗಿನವಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ದೊರೆ ಆಳಿದ್ದು 1076ರಿಂದ 1126ರವರೆಗೆ. ಹಿಂದೂ ಕುಟುಂಬಗಳ ಆಸ್ತಿಯ ವಿಭಾಗಕ್ಕೆ ಮಿತಾಕ್ಷರಾ ಆಧಾರವೆಂಬುದನ್ನು ವಕೀಲರ ಬಾಯಿಂದ ಎಲ್ಲರೂ ಕೇಳಿದ್ದೇವೆ. ಅದೇ ಗ್ರಂಥವು ಕೊಂಡ ಎತ್ತಿನ, ಬಿತ್ತಿದ ಬೀಜದ ವ್ಯಾಜ್ಯವನ್ನೂ ವಿವರಿಸುತ್ತದೆಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಕೌಟಿಲ್ಯನ ಅರ್ಥಶಾಸ್ತ್ರವೂ ಲೋಕಕ್ಕೆ ಮತ್ತೆ ದೊರಕಿದ್ದು ಮೈಸೂರಿನ ಮುಖಾಂತರವೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಪಂಡಿತರಾದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿ ವರ್ತಕರಿಂದ ಪ್ರಜೆಗಳನ್ನು ಕಾಪಾಡುವ ಬಗೆಗೆ ಒಂದು ಪ್ರಕರಣವೇ ಇದೆ. ಕಳ್ಳ ತೂಕ, ಕಳ್ಳ ಅಳತೆ, ಬೆರಕೆ, ಎಲ್ಲಕ್ಕೂ ದಂಡವುಂಟು. ಎಲ್ಲ ವರ್ತಕರೂ ಒಟ್ಟಾಗಿ ಬೆಲೆಯನ್ನು ಏರಿಸಿ ಇಳಿಸಿದರೆ ಸಾವಿರ ಪಣ! ಮಾರಿದ ಸರಕನ್ನು ಕೊಡದವನಿಗೂ, ಕೊಂಡದ್ದನ್ನು ಸ್ವೀಕರಿಸದವನಿಗೂ ಹನ್ನೆರಡು ಪಣ ದಂಡ. ಆದರೆ ಸರಕಿನಲ್ಲಿಯೇ ದೋಷವಿದ್ದರೆ ದಂಡವಿಲ್ಲ.

ಒಂದು ಕನ್ನಡ ಪದದಲ್ಲಿಯೂ ಈ ಇತಿಹಾಸದ ತುಣುಕು ಉಳಿದಿದೆ. ವ್ಯಾಪಾರವನ್ನು ಕುದುರಿಸಿ ಮುಂಗಡವಾಗಿ ಕೊಡುವ ಹಣಕ್ಕೆ ಹಳೆಯ ಹೆಸರು ಸಂಚಕಾರ. ಇದು ಸಂಸ್ಕೃತದ ಸತ್ಯಂಕಾರದ ತದ್ಭವ. ಮಾತನ್ನು ಸತ್ಯವಾಗಿಸುವ ಹಣ ಎಂದು ಅರ್ಥ. ಇಂದು ನಾವು 'ಜೀವಕ್ಕೆ ಸಂಚಕಾರ ಬಂತು' ಎನ್ನುತ್ತೇವೆ. ನಂಬಿಕೆಯನ್ನು ಹೇಳುತ್ತಿದ್ದ ಮಾತೇ ಗಂಡಾಂತರವನ್ನು ಹೇಳುವ ಮಾತಾಯಿತು. ಮುಂಗಡ ಕೊಟ್ಟು ಕೆಟ್ಟವರು ನಮ್ಮ ನಾಡಿನಲ್ಲಿ ಕಡಮೆಯಿರಲಿಲ್ಲವೇನೋ!

ಮಧ್ಯಯುಗದ ಕರ್ಣಾಟಕದಲ್ಲಿ ವರ್ತಕರ ಸಂಘಗಳೂ ಇದ್ದವು. ಐಹೊಳೆಯ ಐನೂರ್ವರು ಎಂಬ ಮಹಾಸಂಘದ ಶಾಸನಗಳು ದಕ್ಷಿಣಾಪಥದ ಉದ್ದಗಲಕ್ಕೂ ಸಿಗುತ್ತವೆ. ಪಟ್ಟಣಗಳಲ್ಲಿ ಪಟ್ಟಣಸ್ವಾಮಿಯೆಂಬ ಮುಖ್ಯಸ್ಥನಿದ್ದನು. ಸಂಘದ ಹೆಸರಿಗೆ ಕೆಡುಕು ಬಾರದಿರಬೇಕೆಂಬ ಭಯವೂ ಒಂದು ಬಗೆಯ ಕಾನೂನೇ. ಆದರೆ ಅಳತೆಯ ವಿಷಯದಲ್ಲಿ ಗೊಂದಲ ತಪ್ಪಲಿಲ್ಲ. ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳು ಊರಿಗೊಂದು ತೆರನಾಗಿದ್ದವು. ಮೈಸೂರು ಸೀಮೆಯಲ್ಲಿ ಕಚ್ಚಾ ಸೇರೆಂದರೆ 24 ರೂಪಾಯಿಯ ತೂಕ. ಪಕ್ಕಾ ಸೇರು ಅದಕ್ಕಿಂತ ಬಹಳ ದೊಡ್ಡದು. ಯಾವ ಸೇರಿನ ಮಾತೆಂದು ಮೊದಲೇ ಕೇಳದವನು ಕೆಟ್ಟ! ಈ ಗೊಂದಲಕ್ಕೆ ಕೊನೆಯಾದದ್ದು ಸ್ವಾತಂತ್ರ್ಯದ ಅನಂತರ. 1956ರ ಕಾನೂನಿನ ಮೇರೆಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೆ ಬಂದವು. ಅದಕ್ಕೂ ಮುನ್ನ 1957ರ ಏಪ್ರಿಲಿನಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತ್ತು. ಇಂದು ತಕ್ಕಡಿ, ತೂಕದ ಬಟ್ಟುಗಳ ಮೇಲೆ ಸರಕಾರದ ಮುದ್ರೆ ಇರಬೇಕೆಂಬ ನಿಯಮ 2009ರ ಕಾನೂನಿನಡಿ ನಡೆಯುತ್ತಿದೆ.

ಇನ್ನು ಪಶ್ಚಿಮದ ಕಡೆಗೆ ತಿರುಗೋಣ. ರೋಮ್ ನಗರದ ಮಾರುಕಟ್ಟೆಗಳ ಅಧಿಕಾರಿಗಳು ಹೊರಡಿಸಿದ್ದ ಆಜ್ಞೆಯಂತೆ ದಾಸರನ್ನು ಅಥವಾ ದನಗಳನ್ನು ಮಾರುವವನು ಅವುಗಳ ದೋಷಗಳನ್ನು ಮೊದಲೇ ಸಾರಿ ಹೇಳಬೇಕಾಗಿತ್ತು. ಹೇಳದಿದ್ದರೆ ಕೊಂಡವನು ಆರು ತಿಂಗಳೊಳಗೆ ವ್ಯಾಪಾರವನ್ನು ಮುರಿಯಬಹುದು, ಇಲ್ಲವೇ ಒಂದು ವರ್ಷದೊಳಗೆ ಬೆಲೆಯನ್ನು ತಗ್ಗಿಸಿಕೊಳ್ಳಬಹುದು. ಇಂಗ್ಲೆಂಡಿನ ನ್ಯಾಯಾಲಯಗಳು ಮಾತ್ರ ಬಹುಕಾಲ ಬೇರೆ ದಾರಿಯಲ್ಲಿ ನಡೆದವು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಅವುಗಳ ಸೂತ್ರ. 1603ರ ಮೊಕದ್ದಮೆಯೊಂದರಲ್ಲಿ ವಿಷವನ್ನು ಇಳಿಸುವ ಗೋರೋಚನದಂಥ ಅಪೂರ್ವ ಕಲ್ಲು ಎಂಬ ಮಾತನ್ನು ನಂಬಿ ಒಬ್ಬನು ನೂರು ಪೌಂಡು ಕೊಟ್ಟು ಕಲ್ಲನ್ನು ಕೊಂಡಿದ್ದನು. ಅದು ಅಂಥ ಕಲ್ಲೇ ಅಲ್ಲವೆಂದು ಆಮೇಲೆ ತಿಳಿಯಿತು. ಮಾರಿದವನು ಬರಿದೆ ಹಾಗೆಂದು ಹೇಳಿದನೇ ಹೊರತು ಭರವಸೆಯನ್ನು ಕೊಡಲಿಲ್ಲವೆಂದು ನ್ಯಾಯಾಲಯ ಕೊಂಡವನನ್ನು ಬರಿಗೈಯಲ್ಲಿ ಕಳಿಸಿತು.

ಯಂತ್ರಗಳ ಕಾಲ ಬಂದ ಮೇಲೆ ಈ ಸೂತ್ರ ನಿಲ್ಲಲಾರದಾಯಿತು. ಎತ್ತಿನ ಹಲ್ಲನ್ನೆಣಿಸಬಹುದು; ಮುಚ್ಚಿದ ಡಬ್ಬದ ಒಳಗನ್ನು ನೋಡುವುದು ಹೇಗೆ? ಇಂಗ್ಲೆಂಡಿನ 1893ರ ಕಾನೂನು ಕೆಲವು ಭರವಸೆಗಳು ಬಾಯಿಬಿಟ್ಟು ಹೇಳದಿದ್ದರೂ ಇವೆಯೆಂದೇ ತಿಳಿಯಬೇಕೆಂದು ವಿಧಿಸಿತು. ಅದೇ ಮಾದರಿಯಲ್ಲಿ ಭಾರತದ ಸರಕು ಮಾರಾಟ ಕಾಯಿದೆಯು 1930ರ ಜುಲೈ 1ರಿಂದ ಜಾರಿಗೆ ಬಂತು. ಇಂದಿಗೂ ಅದು ಊರ್ಜಿತವಾಗಿದೆ. ವರ್ಣನೆಯನ್ನು ನಂಬಿ ಕೊಂಡರೆ ಸರಕು ವರ್ಣನೆಗೆ ತಕ್ಕಂತಿರಬೇಕು. ಮಾದರಿಯನ್ನು ನೋಡಿ ಕೊಂಡರೆ ಮಾದರಿಗೆ ತಕ್ಕಂತಿರಬೇಕು. ತನ್ನ ಕೆಲಸ ಇಂಥದೆಂದು ತಿಳಿಸಿ ವರ್ತಕನ ತಿಳಿವಳಿಕೆಯನ್ನು ನೆಚ್ಚಿ ಕೊಂಡರೆ ಆ ಕೆಲಸಕ್ಕೆ ತಕ್ಕುದಾಗಿರಬೇಕು. 1932ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಪ್ರಕರಣವೊಂದು ಲೋಕಪ್ರಸಿದ್ಧವಾಯಿತು. ಶುಂಠಿ ಪಾನೀಯದ ಮಸಕು ಸೀಸೆಯಲ್ಲಿ ಕೊಳೆತ ಬಸವನಹುಳು ಇದ್ದಿತೆಂದು ಒಬ್ಬ ಮಹಿಳೆ ದಾವೆ ಹೂಡಿದಳು. ಅವಳಿಗೆ ಪಾನೀಯವನ್ನು ಕೊಡಿಸಿದವಳು ಗೆಳತಿ. ತಾನೇ ಕೊಳ್ಳಲಿಲ್ಲವಾದ್ದರಿಂದ ಒಪ್ಪಂದದ ಹಕ್ಕು ಅವಳಿಗಿರಲಿಲ್ಲ. ಆದರೂ ವಸ್ತುವನ್ನು ಬಳಸುವವರ ವಿಷಯದಲ್ಲಿ ತಯಾರಕನಿಗೆ ಹೊಣೆಯುಂಟೆಂದು ಲಾರ್ಡರ ಸಭೆ ತೀರ್ಪಿತ್ತಿತು.

ಕಾನೂನೇನೋ ಬಂತು; ಆದರೆ ಅದನ್ನು ಮುಟ್ಟುವ ದಾರಿ? ಒಂದು ಜೊತೆ ಮೆಟ್ಟಿಗಾಗಿಯೋ ಒಂದು ಇಸ್ತ್ರಿಪೆಟ್ಟಿಗೆಗಾಗಿಯೋ ಯಾರು ತಾನೇ ವಕೀಲರನ್ನಿಟ್ಟು, ಸ್ಟಾಂಪು ಶುಲ್ಕ ಕಟ್ಟಿ, ಸಿವಿಲ್ ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆದಾರು? ಅಂಗಡಿಯ ರಸೀದಿಯ ಮೇಲೆ 'ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ' ಎಂಬ ಸಾಲು ನಿಶ್ಚಿಂತೆಯಿಂದ ಅಚ್ಚಾಗುತ್ತಿದ್ದುದಕ್ಕೆ ಇದೇ ಕಾರಣ. ಸರಕಾರವು ಬೇರೆ ಬಗೆಯಲ್ಲಿ ಸಹಾಯಕ್ಕೆ ಬಂತು. 1937ರ ಕಾನೂನಿನಿಂದ ಬೇಸಾಯದ ಹುಟ್ಟುವಳಿಗೆ ಆಗ್‌ಮಾರ್ಕ್ ಮುದ್ರೆ ಬಂತು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿ, 1952ರ ಕಾನೂನಿನಿಂದ ಐ.ಎಸ್.ಐ. ಗುರುತನ್ನು ಕೊಡತೊಡಗಿತು, 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ಆಯಿತು. ಇವೆಲ್ಲ ಕೆಟ್ಟ ಸರಕು ಪೇಟೆಗೆ ಬಾರದಂತೆ ತಡೆಯುವ ಬೇಲಿಗಳು. ಬೇಲಿ ಹಾರಿ ಬಂದ ಸರಕನ್ನು ಕೊಂಡವನಿಗೆ ಹಣ ಕೊಡಿಸುವ ಕೆಲಸ ಹಾಗೆಯೇ ಉಳಿದಿತ್ತು.

1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರು ಗ್ರಾಹಕರ ಹಕ್ಕುಗಳನ್ನು ಕುರಿತು ತಮ್ಮ ದೇಶದ ಸಂಸತ್ತಿಗೆ ಸಂದೇಶವನ್ನು ಕಳಿಸಿದರು. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಗೃಹಿಣಿಯರು ಕೂಡಿ ಭಾರತೀಯ ಗ್ರಾಹಕ ಮಾರ್ಗದರ್ಶಕ ಸಂಘವನ್ನು ಸ್ಥಾಪಿಸಿದರು. ಅಡಿಗೆಮನೆಯ ಅನುಭವದಿಂದ ಹುಟ್ಟಿದ ಸಂಘಟನೆ ಅದು. 1985ರಲ್ಲಿ ವಿಶ್ವಸಂಸ್ಥೆಯ ಮಾರ್ಗಸೂಚಿ ಬಂತು. 1986ರ ಡಿಸೆಂಬರ್ 24ರಂದು ಭಾರತದ ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ, ರಾಜ್ಯಕ್ಕೊಂದು ಆಯೋಗ, ದೇಶಕ್ಕೊಂದು ಆಯೋಗ. ವಕೀಲರಿಲ್ಲದೆ ತಾನೇ ನಿಂತು ದೂರನ್ನು ಹೇಳಿಕೊಳ್ಳುವ ಅವಕಾಶ. ದೋಷವನ್ನು ಸರಿಪಡಿಸು, ಬೇರೆ ಸರಕನ್ನು ಕೊಡು, ಹಣವನ್ನು ಹಿಂದಿರುಗಿಸು, ನಷ್ಟವನ್ನು ತುಂಬಿಕೊಡು ಎಂದು ಅಪ್ಪಣೆ ಮಾಡುವ ಅಧಿಕಾರ ಇವಕ್ಕೆ ದೊರೆಯಿತು.

ಈ ಕಾಯಿದೆಯ ಕೆಳಗೆ ನಡೆದ ಒಂದು ವ್ಯಾಜ್ಯವು ಸಂತೆಬಾಚಹಳ್ಳಿಯಂಥ ಸೀಮೆಯ ರೈತರಿಗೆ ಬಹು ಹತ್ತಿರದ್ದು. ಆಂಧ್ರದ ರೈತರು ರಾಷ್ಟ್ರೀಯ ಬೀಜ ನಿಗಮದಿಂದ ಕೊಂಡ ಬೀಜ ದೋಷವುಳ್ಳದ್ದಾಗಿ ಬೆಳೆ ಕೈಗೆ ಬರಲಿಲ್ಲವೆಂದು ದೂರಿತ್ತರು. ಅವರು ಬೆಳೆಯನ್ನು ಮಾರುವವರು, ಆದ್ದರಿಂದ ಗ್ರಾಹಕರಲ್ಲ ಎಂಬುದೊಂದು ವಾದ. ಬೀಜವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿಲ್ಲವೆಂಬುದು ಇನ್ನೊಂದು. ಸರ್ವೋಚ್ಚ ನ್ಯಾಯಾಲಯವು 2012ರ ಜನವರಿಯಲ್ಲಿ ಎರಡನ್ನೂ ತಳ್ಳಿಹಾಕಿತು. ರೈತನು ತಂದ ಬೀಜವನ್ನೆಲ್ಲ ಬಿತ್ತಿಬಿಡುತ್ತಾನೆ. ಮುಂದೆ ವ್ಯಾಜ್ಯ ಬಂದೀತೆಂದು ಪರೀಕ್ಷೆಗಾಗಿ ಒಂದು ಹಿಡಿ ತೆಗೆದಿಡಬೇಕೆಂದು ಅವನಿಂದ ಅಪೇಕ್ಷಿಸುವುದು ಹೇಗೆ ಎಂಬುದು ನ್ಯಾಯಾಲಯದ ದೃಷ್ಟಿ. ಬೀಜಕ್ಕೆ ಹತ್ತು ದಿನವೆಂದ ಹಿಂದಿನವರೂ ಇದೇ ಹೊಲದ ಬದುವಿನಲ್ಲಿ ನಿಂತು ಯೋಚಿಸಿದ್ದರು. ಬೀಜದ ದೋಷಕ್ಕೆ ಸಾಕ್ಷಿ ಹೇಳುವುದು ಮಣ್ಣು.

1986ರ ಕಾಯಿದೆಯ ಸ್ಥಾನದಲ್ಲಿ ಇಂದು 2019ರ ಕಾಯಿದೆ ಇದೆ. ಅದು 2020ರ ಜುಲೈ 20ರಿಂದ ಜಾರಿಗೆ ಬಂತು. ಇದರಲ್ಲಿ ಗೃಹಸ್ಥರು ನೆನಪಿನಲ್ಲಿಡಬೇಕಾದ ಅಂಶಗಳು ಕೆಲವಿವೆ. ದೋಷವುಳ್ಳ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ರಸೀದಿಯನ್ನೇ ಕೊಡದಿರುವುದೂ ಹಾಗೆಯೇ. ಅಂಗಡಿ ಮೈಸೂರಿನಲ್ಲಿರಲಿ, ದೆಹಲಿಯಲ್ಲಿರಲಿ, ಗ್ರಾಹಕನು ತಾನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಸಂತೆಬಾಚಹಳ್ಳಿಯವರು ಮಂಡ್ಯಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವುಂಟು. 5 ಲಕ್ಷದವರೆಗೆ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಮೊದಲಿಗೆ 1915 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನೆರವನ್ನೂ ಕೇಳಬಹುದು. ಮಾರುವುದಕ್ಕಾಗಿಯೇ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಹೊಲಿಗೆಯಂತ್ರವನ್ನೋ ಪಂಪುಸೆಟ್ಟನ್ನೋ ಕೊಂಡವನು ಗ್ರಾಹಕನೇ.

ಕಾಯಿದೆಯು ಸಾಮಾನ್ಯವಾಗಿ ಮೂರು ತಿಂಗಳಲ್ಲಿ, ಪ್ರಯೋಗಶಾಲೆಯ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆನ್ನುತ್ತದೆ. ಎಷ್ಟೋ ಬಾರಿ ಆ ಗಡುವು ಮೀರುತ್ತದೆಂಬುದೂ ನಿಜ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಇಂದಿನ ವ್ಯಾಪಾರ ಮತ್ತೆ ಸಂತೆಯ ಸ್ಥಿತಿಗೇ ಬಂದಂತಿದೆ. ಮೊಬೈಲಿನಲ್ಲಿ ಚಿತ್ರವನ್ನು ನೋಡಿ ತರಿಸಿಕೊಳ್ಳುವಾಗ ಮಾರುವವನ ಮುಖವೇ ಕಾಣುವುದಿಲ್ಲ. ಸರಕನ್ನು ಮುಟ್ಟಿ ನೋಡುವಂತಿಲ್ಲ. ನೀರೊಳಗಿನ ಎಮ್ಮೆಯ ವ್ಯಾಪಾರವೆಂದರೆ ಇದೇ ಅಲ್ಲವೇ? ಒಂದೇ ವ್ಯತ್ಯಾಸವೆಂದರೆ ಇಲ್ಲಿ ರಸೀದಿ ತಾನಾಗಿಯೇ ಬರುತ್ತದೆ. ನಮ್ಮೂರಿನ ಸಂತೆಯಲ್ಲಿ ಅದು ಕೇಳಿದರೂ ಬರುವುದು ಕಷ್ಟ.

ಆದುದರಿಂದ ಹಳೆಯ ಎಚ್ಚರವನ್ನು ಬಿಡುವಂತಿಲ್ಲ, ಹೊಸ ಹಕ್ಕನ್ನು ಮರೆಯುವಂತಿಲ್ಲ. ಹಲ್ಲನ್ನೆಣಿಸಿ, ನಡೆಸಿ ನೋಡಿ ಕೊಳ್ಳುವ ಬುದ್ಧಿ ಅಜ್ಜಂದಿರದು. ರಸೀದಿಯನ್ನು ಕೇಳಿ ಪಡೆದು, ಬೀಜದ ಚೀಲದ ಚೀಟಿಯನ್ನು ಕೊಯ್ಲಿನವರೆಗೆ ಜೋಪಾನಮಾಡುವ ಬುದ್ಧಿ ಮೊಮ್ಮಕ್ಕಳದಾಗಬೇಕು. ಕಬ್ಬಿಣಕ್ಕೆ ಒಂದು ದಿನ, ಬೀಜಕ್ಕೆ ಹತ್ತು ದಿನ ಎಂದು ಹಿಂದಿನವರು ಎಣಿಸಿಕೊಟ್ಟರು. ಇಂದಿನ ಶಾಸನ ಮೂವತ್ತು ದಿನಗಳನ್ನು ಕೊಟ್ಟಿದೆ. ಆ ದಿನಗಳು ಕಳೆದುಹೋಗುವ ಮುನ್ನ ಬಾಯಿಬಿಟ್ಟು ಕೇಳುವ ಧೈರ್ಯವನ್ನು ಮಾತ್ರ ಯಾವ ಶಾಸನವೂ ಕೊಡಲಾರದು.